ಜಪಾನಿನ ಸೆತೊ ಒಳಸಮುದ್ರದ ತೀರದಲ್ಲಿ ಊಟ ಮತ್ತು ನಿಸರ್ಗಕ್ಕಾಗಿ ಪ್ರವಾಸ: ಸಲಹೆ ಬೇಕಾಗಿದೆ

ಪ್ರಶ್ನೆ: ಕಲಬುರಗಿಯ ಓದುಗ

ಎಲ್ಲ ಹಿರಿಯರಿಗೂ ಗೆಳೆಯರಿಗೂ ಶರಣು ಶರಣಾರ್ಥಿಗಳು.

ಬರುವ ವರ್ಷ ನಮ್ಮ ಮನೆಯವರು ಜಪಾನಿಗೆ ಹೋಗಿ ಬರಬೇಕೆಂದು ನಿಶ್ಚಯಿಸಿದ್ದೇವೆ. ಟೋಕಿಯೊ ಮತ್ತು ಕ್ಯೋಟೊ ನಗರಗಳ ಬಗ್ಗೆ ಬರಹಗಳು ಬೇಕಾದಷ್ಟು ಸಿಗುತ್ತವೆ. ನಮ್ಮ ಆಸೆ ಬೇರೆ. ಕಡಲ ದಂಡೆಯ ಸಣ್ಣ ಊರುಗಳಲ್ಲಿ ಅವಸರವಿಲ್ಲದೆ ಉಳಿದು, ಅಲ್ಲಿಯ ಜನ ದಿನವೂ ಉಣ್ಣುವುದನ್ನು ಉಂಡು, ಅವರ ತೋಟ, ಕೆರೆ, ಗುಡಿಗಳನ್ನು ನೋಡಿ ಬರಬೇಕು ಎಂಬುದು. ಹಾಗೆ ಹುಡುಕುವಾಗ ಹೊನ್ಶು ಮತ್ತು ಶಿಕೊಕು ದ್ವೀಪಗಳ ನಡುವೆ ಚಾಚಿಕೊಂಡಿರುವ ಸೆತೊ ಒಳಸಮುದ್ರದ ತೀರ ಗಮನ ಸೆಳೆಯಿತು. ಜಪಾನಿನ ಉಳಿದ ಭಾಗಗಳಿಗಿಂತ ಅಲ್ಲಿ ಮಳೆ ಕಡಿಮೆ, ಹವೆ ಸೌಮ್ಯ ಎಂದು ಓದಿದ್ದೇನೆ. ಬೇಸಿಗೆಯಲ್ಲಿ ನಲವತ್ತೆರಡು ಡಿಗ್ರಿ ಬಿಸಿಲನ್ನು ಸಹಿಸುವ ನಮಗೆ ಕೊರೆಯುವ ಚಳಿಯನ್ನು ತಾಳುವ ಅಭ್ಯಾಸವಿಲ್ಲವಾದ್ದರಿಂದ ಈ ಮಾತು ನನಗೆ ಬಹಳ ಮುಖ್ಯವಾಗಿದೆ.

ನಮ್ಮೊಡನೆ ಅವ್ವ ಬರುತ್ತಾಳೆ. ಆಕೆಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವಿದೆ, ಇಷ್ಟಲಿಂಗ ಪೂಜೆ ಆಗದೆ ಬಾಯಿಗೆ ಏನನ್ನೂ ಹಾಕುವುದಿಲ್ಲ. ಆಕೆ, ನಾನು, ನನ್ನ ಹೆಂಡತಿ ಮೂವರೂ ಮೀನು, ಮಾಂಸ, ಮೊಟ್ಟೆ ಮುಟ್ಟುವವರಲ್ಲ. ಜೊತೆಗೆ ಬರುವ ನನ್ನ ಬಾಲ್ಯದ ಗೆಳೆಯನ ಕುಟುಂಬದವರು ಮಾತ್ರ ಮೀನೂಟಕ್ಕಾಗಿಯೇ ಹೊರಟವರು. ಇಂತಹ ಎರಡು ಬಗೆಯ ಜನ ಒಂದೇ ಊರಿನಲ್ಲಿ, ಸಾಧ್ಯವಾದರೆ ಒಂದೇ ಮೇಜಿನಲ್ಲಿ, ನೆಮ್ಮದಿಯಿಂದ ಉಣ್ಣಬಹುದೇ? ಬೇಸಿಗೆ ರಜೆಯಲ್ಲಿ ಹೋಗುವುದು ಒಳ್ಳೆಯದೋ ದಸರೆಯ ಸುಮಾರಿಗೋ? ಯಾವ ಊರಿನಲ್ಲಿ ಉಳಿದರೆ ಓಡಾಟ ಕಡಿಮೆಯಾಗುತ್ತದೆ? ಸುಮಾರು ಹತ್ತು ಹನ್ನೆರಡು ದಿನಗಳ ಅವಕಾಶವಿದೆ. ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ಬೀದರಿನವರು, ಕೆಲಸದ ನಿಮಿತ್ತ ಒಕಯಾಮಾದಲ್ಲಿ ಇದ್ದವರು

ಶರಣು ಅಣ್ಣಾವರೇ. ನೀವು ಆರಿಸಿಕೊಂಡಿರುವ ಪ್ರದೇಶ ಸರಿಯಾಗಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಉತ್ತರಕ್ಕೆ ಚುಗೊಕು ಬೆಟ್ಟಸಾಲು, ದಕ್ಷಿಣಕ್ಕೆ ಶಿಕೊಕು ಬೆಟ್ಟಸಾಲು ನಿಂತು, ಚಳಿಗಾಲದಲ್ಲಿ ಜಪಾನ್ ಸಮುದ್ರದಿಂದಲೂ ಬೇಸಿಗೆಯಲ್ಲಿ ಪೆಸಿಫಿಕ್ ಸಾಗರದಿಂದಲೂ ಬರುವ ತೇವದ ಗಾಳಿಯನ್ನು ತಡೆಯುವುದರಿಂದ ನಡುವಿನ ಈ ಕಡಲಪಟ್ಟಿಗೆ ಬಿಸಿಲು ಹೆಚ್ಚು, ಮಳೆ ಕಡಿಮೆ. ಟೋಕಿಯೊದಲ್ಲಿ ವರ್ಷಕ್ಕೆ ಸುಮಾರು 1,600 ಮಿಲಿಮೀಟರ್ ಮಳೆಯಾದರೆ ಶಿಕೊಕುವಿನ ತೀರದ ತಕಮತ್ಸು ನಗರದಲ್ಲಿ 1,100ರಿಂದ 1,200ರಷ್ಟು ಮಾತ್ರ. ಜಪಾನಿನಲ್ಲಿ ರಾಷ್ಟ್ರೀಯ ಉದ್ಯಾನಗಳನ್ನು ಮೊದಲ ಬಾರಿಗೆ ಘೋಷಿಸಿದ 1934ರಲ್ಲಿಯೇ ಈ ಒಳಸಮುದ್ರವೂ ಆ ಪಟ್ಟಿಗೆ ಸೇರಿತು. ಆದರೂ ಸೌಮ್ಯ ಹವೆ ಎಂಬ ಮಾತನ್ನು ನಮ್ಮ ಕಡೆಯ ಲೆಕ್ಕದಲ್ಲಿ ಅರ್ಥ ಮಾಡಿಕೊಳ್ಳಬಾರದು. ಜನವರಿಯಲ್ಲಿ ತಕಮತ್ಸುವಿನ ಸರಾಸರಿ ಉಷ್ಣತೆ ಆರು ಡಿಗ್ರಿಯ ಹತ್ತಿರವಿರುತ್ತದೆ. ಕಲಬುರಗಿಯವರಿಗೆ ಅದು ಕಡುಚಳಿಯೇ.

ಕಾಲದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮಧ್ಯದವರೆಗೆ ಹೋಗಿರಿ. ಆ ಹೊತ್ತಿಗೆ ಚಂಡಮಾರುತಗಳ ಕಾಲ ಬಹುಮಟ್ಟಿಗೆ ಮುಗಿದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಹಗಲು ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿದ್ದು ಅವ್ವನವರಿಗೆ ಒಂದು ಸ್ವೆಟರ್ ಮತ್ತು ಶಾಲು ಸಾಕಾಗುತ್ತವೆ. ಏಪ್ರಿಲ್ ಮೊದಲ ವಾರದಲ್ಲಿ ಚೆರ್ರಿ ಹೂವಿನ ಸೊಬಗು ಇರುತ್ತದೆ ಎಂಬುದು ನಿಜ, ಆದರೆ ವಸತಿಯ ದರ ಏರಿರುತ್ತದೆ. ಏಪ್ರಿಲ್ 29ರಿಂದ ಮೇ 5ರವರೆಗೆ ಅಲ್ಲಿಯ ಜನರಿಗೆ ಸಾಲು ರಜೆಗಳಿರುವುದರಿಂದ ರೈಲು, ದೋಣಿ, ಹೋಟೆಲು ಎಲ್ಲವೂ ತುಂಬಿರುತ್ತವೆ. ಜೂನ್ ತಿಂಗಳಿನಿಂದ ಜುಲೈ ಮಧ್ಯದವರೆಗೆ ಮಳೆಗಾಲ. ಆಗಸ್ಟ್ ತಿಂಗಳ ಸೆಕೆಯಂತೂ ನಮ್ಮ ಬಿಸಿಲಿಗಿಂತ ಹೆಚ್ಚು ದಣಿಸುತ್ತದೆ, ಏಕೆಂದರೆ ಅದರಲ್ಲಿ ತೇವ ತುಂಬಿರುತ್ತದೆ.

ವಸಂತದಲ್ಲಿ ಇನ್ನೊಂದು ತೊಡಕಿದೆ. ಮಾರ್ಚ್‌ನಿಂದ ಜೂನ್‌ವರೆಗೆ ಈ ಕಡಲಿನ ಮೇಲೆ ದಟ್ಟ ಮಂಜು ಕವಿಯುವುದುಂಟು, ಆಗ ದೋಣಿಗಳು ನಿಲ್ಲುತ್ತವೆ. 1955ರ ಮೇ 11ರಂದು ಇಂತಹ ಮಂಜಿನಲ್ಲಿಯೇ ಶಿಉನ್ ಮಾರು ಎಂಬ ರೈಲ್ವೆ ಹಡಗು ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿ 168 ಜನ ತೀರಿಕೊಂಡರು. ಅವರಲ್ಲಿ ಬಹಳಷ್ಟು ಜನ ಶಾಲಾ ಪ್ರವಾಸಕ್ಕೆ ಹೊರಟಿದ್ದ ಮಕ್ಕಳು. ಆ ದುರಂತದ ನಂತರ ಸೇತುವೆ ಬೇಕೆಂಬ ಜನರ ಒತ್ತಾಯ ಬಲವಾಯಿತು, ಮುಂದೆ 1988ರಲ್ಲಿ ಸೆತೊ ಮಹಾಸೇತುವೆ ತೆರೆಯಿತು. ಮೇಲೆ ವಾಹನ, ಕೆಳಗೆ ರೈಲು ಸಾಗುವ ಆ ಸೇತುವೆಯನ್ನು ನೀವು ದಾಟುವಾಗ ಕಿಟಕಿಯ ಪಕ್ಕ ಕುಳಿತುಕೊಳ್ಳಿ. ಉಕ್ಕಿನ ತೊಲೆಗಳ ನಡುವೆ ಕೆಳಗೆ ಹರಡಿದ ದ್ವೀಪಗಳು ಒಂದಾದ ಮೇಲೊಂದು ಕಾಣಿಸಿಕೊಳ್ಳುತ್ತವೆ.

ಉಳಿಯಲು ತಕಮತ್ಸು ನಗರವನ್ನೇ ಆರಿಸಿರಿ. ಒಸಾಕಾದಿಂದ ಶಿಂಕಾನ್ಸೆನ್ ಎಂಬ ಅತಿವೇಗದ ರೈಲಿನಲ್ಲಿ ಒಕಯಾಮಾಕ್ಕೆ ಮುಕ್ಕಾಲು ಗಂಟೆ, ಅಲ್ಲಿಂದ ಸೇತುವೆಯ ಮೇಲೆ ಸಾಗುವ ಮರೀನ್ ಲೈನರ್ ರೈಲಿನಲ್ಲಿ ತಕಮತ್ಸುವಿಗೆ ಇನ್ನೊಂದು ಗಂಟೆ. ರೈಲು ನಿಲ್ದಾಣದಿಂದ ಬಂದರಿಗೆ ನಡೆದೇ ಹೋಗಬಹುದು. ಅಲ್ಲಿಂದ ಶೊದೊಶಿಮಾ ದ್ವೀಪಕ್ಕೂ ನವೊಶಿಮಾ ದ್ವೀಪಕ್ಕೂ ಸುಮಾರು ಒಂದು ಗಂಟೆಯ ದೋಣಿ ಪ್ರಯಾಣ. ಬೆಳಿಗ್ಗೆ ಹೋಗಿ ಸಂಜೆಗೆ ಅದೇ ಕೋಣೆಗೆ ಮರಳಬಹುದಾದ್ದರಿಂದ ಹಿರಿಯರಿಗೆ ಇದಕ್ಕಿಂತ ಅನುಕೂಲದ ಊರು ನನಗೆ ತೋಚುವುದಿಲ್ಲ.

ಶೊದೊಶಿಮಾವನ್ನು ಮಾತ್ರ ಬಿಡಬೇಡಿ. 1908ರಲ್ಲಿ ಸರಕಾರ ಮೂರು ಕಡೆ ಆಲಿವ್ ಗಿಡಗಳನ್ನು ಪ್ರಯೋಗಕ್ಕೆಂದು ನೆಡಿಸಿದಾಗ ಅವು ಹಿಡಿದು ಬೆಳೆದದ್ದು ಈ ದ್ವೀಪದಲ್ಲಿ ಮಾತ್ರ. ಸೋಯಾ ಸಾಸ್ ತಯಾರಿಕೆಗೆ ಇಲ್ಲಿ ಸುಮಾರು ನಾಲ್ಕು ನೂರು ವರ್ಷಗಳ ಇತಿಹಾಸವಿದೆ. ಸೋಯಾ ಕಾಳು, ಗೋಧಿ, ಉಪ್ಪು ಕೂಡಿಸಿ ಆಳೆತ್ತರದ ಮರದ ಪೀಪಾಯಿಗಳಲ್ಲಿ ವರ್ಷಕ್ಕೂ ಹೆಚ್ಚು ಕಾಲ ಹುಳಿಯಲು ಬಿಡುವ ಪದ್ಧತಿಯನ್ನು ಅನೇಕ ಮನೆತನಗಳು ಇಂದಿಗೂ ಉಳಿಸಿಕೊಂಡಿವೆ. ಆ ಓಣಿಗಳಲ್ಲಿ ನಡೆದರೆ ಗಾಳಿಯೇ ಹುಳಿ-ಉಪ್ಪಿನ ವಾಸನೆಯಿಂದ ತುಂಬಿರುತ್ತದೆ. ಎಳ್ಳೆಣ್ಣೆ ಸವರಿ ಕೈಯಿಂದಲೇ ಎಳೆದು ಒಣಗಿಸುವ ಸೋಮೆನ್ ಎಂಬ ಶಾವಿಗೆಯೂ ಇಲ್ಲಿಯ ಹೆಸರುವಾಸಿ ಪದಾರ್ಥ. ನಮ್ಮ ಮನೆಗಳಲ್ಲಿ ಶಾವಿಗೆ ಹೊಸೆದ ಹಿರಿಯರಿಗೆ ಅದನ್ನು ನೋಡುವುದೇ ಒಂದು ಸಂತೋಷ.

ಸಮಯ ಉಳಿದರೆ ತಕಮತ್ಸುವಿನಿಂದ ಮತ್ಸುಯಾಮಾಕ್ಕೆ ಎರಡೂವರೆ ಗಂಟೆ ರೈಲಿನಲ್ಲಿ ಹೋಗಿ, ಅಲ್ಲಿಂದ ದೋಣಿಯಲ್ಲಿ ಹಿರೊಶಿಮಾ ಸೇರಿ, ಶಿಂಕಾನ್ಸೆನ್‌ನಲ್ಲಿ ಒಸಾಕಾಕ್ಕೆ ಮರಳಿರಿ. ಹೋದ ದಾರಿಯಲ್ಲಿ ತಿರುಗಿ ಬರುವ ಪ್ರಸಂಗ ಬರುವುದಿಲ್ಲ. ನವೊಶಿಮಾದ ಕಲಾ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ ಎಂಬುದನ್ನು ನೆನಪಿಡಿ.

ಉತ್ತರ 2: ಕಲಬುರಗಿಯ ಗೃಹಿಣಿ, ಸಸ್ಯಾಹಾರಿ

ಅಣ್ಣಾವರೇ, ಊಟದ ವಿಷಯವನ್ನು ನಾನು ವಿವರಿಸುತ್ತೇನೆ, ಏಕೆಂದರೆ ನಿಮ್ಮ ಪ್ರವಾಸದ ಸುಖ ದುಃಖ ನಿಂತಿರುವುದು ಅದರ ಮೇಲೆ.

ತಕಮತ್ಸು ಇರುವ ಕಗವಾ ಪ್ರಾಂತದ ಹಳೆಯ ಹೆಸರು ಸನುಕಿ. ಸನುಕಿ ಉದೊನ್ ಎಂಬ ದಪ್ಪ ಗೋಧಿ ಎಳೆಗಳ ಊಟಕ್ಕೆ ಅದು ಜಪಾನಿನಾದ್ಯಂತ ಹೆಸರಾಗಿದೆ. ಹಿಟ್ಟು, ನೀರು, ಉಪ್ಪು ಬಿಟ್ಟರೆ ಆ ಎಳೆಯಲ್ಲಿ ಬೇರೇನೂ ಇರುವುದಿಲ್ಲ. ತೊಂದರೆ ಇರುವುದು ಸಾರಿನಲ್ಲಿ. ಇರಿಕೊ ಎಂಬ ಸಣ್ಣ ಮೀನನ್ನು ಬೇಯಿಸಿ ಒಣಗಿಸಿ, ಅದರಿಂದ ಇಳಿಸಿದ ದಾಶಿ ಎಂಬ ತಿಳಿಯೇ ಈ ಸೀಮೆಯ ಸಾರಿನ ಮೂಲ. ಬಟ್ಟಲಿನಲ್ಲಿ ಮೀನಿನ ತುಣುಕು ಕಾಣುವುದಿಲ್ಲವಾದ್ದರಿಂದ ಅಂಗಡಿಯವರೂ ಅದನ್ನು ಮೀನೂಟವೆಂದು ಭಾವಿಸುವುದಿಲ್ಲ. ಹುಳಿಸಿದ ಸೋಯಾ ಮುದ್ದೆಯಿಂದ ಮಾಡುವ ಮಿಸೊ ಸಾರು, ಬೇಯಿಸಿದ ತರಕಾರಿ, ಹಲವು ಚಟ್ನಿ ಮತ್ತು ಉಪ್ಪಿನಕಾಯಿಗಳಲ್ಲಿಯೂ ದಾಶಿ ಸೇರಿರುತ್ತದೆ. ಆದ್ದರಿಂದ ಜಪಾನೀ ಭಾಷೆಯಲ್ಲಿ ಚೀಟಿ ಬರೆಸಿಕೊಂಡು ಹೋಗುವಾಗ ಮಾಂಸ, ಮೀನು, ಮೊಟ್ಟೆ ಬೇಡ ಎಂದಷ್ಟೇ ಬರೆಸದೆ, ಮೀನಿನಿಂದ ಇಳಿಸಿದ ದಾಶಿಯೂ ಬೇಡ ಎಂದು ಬೇರೆ ಸಾಲಿನಲ್ಲಿ ಬರೆಸಿರಿ. ಈ ಒಂದು ಸಾಲು ಉಳಿದೆಲ್ಲ ಸಾಲುಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಹಾಗೆಂದು ಉದೊನ್ ಅಂಗಡಿಯ ಬಾಗಿಲಿನಿಂದ ಹಿಂದಿರುಗಬೇಕಾಗಿಲ್ಲ. ಕಿಜೋಯು ಉದೊನ್ ಎಂದು ಕೇಳಿರಿ. ಬೇಯಿಸಿ ತೊಳೆದ ಎಳೆಗಳ ಮೇಲೆ ಸೋಯಾ ಸಾಸನ್ನಷ್ಟೇ ಸುರಿದುಕೊಂಡು, ತುರಿದ ಮೂಲಂಗಿ, ಶುಂಠಿ, ಈರುಳ್ಳಿ ಸೊಪ್ಪು, ನಿಂಬೆರಸ ಬೆರೆಸಿ ತಿನ್ನುವ ಬಗೆ ಅದು. ಮೇಜಿನ ಮೇಲೆ ದಾಶಿ ಬೆರೆಸಿದ ಸಾಸ್ ಇಟ್ಟಿರುವುದೂ ಉಂಟು, ಆದ್ದರಿಂದ ಬಾಟಲಿಯನ್ನು ತೋರಿಸಿ ಕೇಳುವುದು ಒಳ್ಳೆಯದು. ಎಳೆಗಳ ಜಿಗುಟು, ಅಗಿಯುವಾಗಿನ ಬಿಗಿ ಸಾರಿಲ್ಲದಿದ್ದಾಗಲೇ ಸರಿಯಾಗಿ ತಿಳಿಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪಕ್ಕದಲ್ಲಿ ಜೋಡಿಸಿಟ್ಟ ಗೆಣಸು, ಕುಂಬಳಕಾಯಿಯ ಕರಿದ ತುಂಡುಗಳು ಕಣ್ಣು ಸೆಳೆಯುತ್ತವೆ. ಅವುಗಳ ಹಿಟ್ಟಿನಲ್ಲಿ ಮೊಟ್ಟೆ ಇರಬಹುದು, ಕರಿದ ಎಣ್ಣೆ ಸೀಗಡಿ ಕರಿದದ್ದೇ ಇರಬಹುದು, ಅವ್ವನವರಿಗೆ ಬೇಡ. ಅಂಗಡಿಗಳು ಬೆಳಿಗ್ಗೆ ಬೇಗ ತೆರೆದು, ಎಳೆ ಮುಗಿದೊಡನೆ ಮಧ್ಯಾಹ್ನವೇ ಮುಚ್ಚುತ್ತವೆ. ಒಂದು ಬಟ್ಟಲಿನ ಬೆಲೆ ಕೆಲವೇ ನೂರು ಯೆನ್. ಮೀನುಣ್ಣುವ ನಿಮ್ಮ ಗೆಳೆಯರು ಅದೇ ಅಂಗಡಿಯಲ್ಲಿ ಬಿಸಿ ಸಾರಿನ ಉದೊನ್ ತೆಗೆದುಕೊಂಡು ಅದೇ ಮೇಜಿನಲ್ಲಿ ಕುಳಿತುಕೊಳ್ಳಬಹುದು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ.

ನಿಜವಾದ ಸಸ್ಯಾಹಾರದ ಅಡುಗೆಯನ್ನು ಕಾಣಬೇಕಾದರೆ ಒಸಾಕಾದಿಂದ ಕೊಯಾಸಾನ್‌ಗೆ ಹೋಗಿ ಒಂದು ರಾತ್ರಿ ಉಳಿಯಿರಿ. 816ರಲ್ಲಿ ಕೂಕಾಯ್ ಎಂಬ ಬೌದ್ಧ ಗುರು ಸ್ಥಾಪಿಸಿದ ಆ ಬೆಟ್ಟದ ಕ್ಷೇತ್ರದಲ್ಲಿ ಮಠಗಳೇ ಅತಿಥಿಗಳಿಗೆ ವಸತಿ ಕೊಡುತ್ತವೆ. ಅಲ್ಲಿಯ ಶೋಜಿನ್ ಅಡುಗೆಗೆ ಕಡಲ ಪಾಚಿ ಮತ್ತು ಒಣಗಿದ ಅಣಬೆಯಿಂದ ತಿಳಿ ಇಳಿಸುತ್ತಾರೆ. ಎಳ್ಳಿನ ತೋಫು, ಹಿಮದಲ್ಲಿ ಒಣಗಿಸಿದ ತೋಫು ಬಹಳ ರುಚಿಯಾಗಿರುತ್ತವೆ. ಬೆಟ್ಟದ ಮೇಲೆ ಚಳಿ ಹೆಚ್ಚು. ಆ ಕೂಕಾಯ್ 774ರಲ್ಲಿ ಹುಟ್ಟಿದ್ದು ಕಗವಾ ಪ್ರಾಂತದ ಜೆನ್‌ತ್ಸುಜಿಯಲ್ಲಿ. ಚೀನಾದಲ್ಲಿ ಭಾರತದ ಕಡೆಯಿಂದ ಬಂದಿದ್ದ ಪ್ರಜ್ಞ ಎಂಬ ಭಿಕ್ಷುವಿನಿಂದ ಅವರು ಸಂಸ್ಕೃತ ಕಲಿತರು. ಶಿಕೊಕುವಿನ 88 ಗುಡಿಗಳ ಸುಮಾರು 1,200 ಕಿಲೋಮೀಟರ್ ಯಾತ್ರೆ ಅವರ ನೆನಪಿನದೇ. ಬಿಳಿ ಬಟ್ಟೆ ತೊಟ್ಟು ಕೋಲು ಹಿಡಿದು ನಡೆಯುವ ಯಾತ್ರಿಕರಿಗೆ ಊರಿನವರು ಹಣ್ಣು, ಚಹಾ, ತಿಂಡಿ ಕೊಟ್ಟು ಕೈ ಮುಗಿಯುವುದನ್ನು ನೋಡಿದರೆ ಶರಣಬಸವೇಶ್ವರರ ದಾಸೋಹವನ್ನು ಕಂಡು ಬೆಳೆದ ನಮಗೆ ಯಾರೂ ವಿವರಿಸಿ ಹೇಳಬೇಕಾಗುವುದಿಲ್ಲ.

ಉತ್ತರ 3: ಯಾದಗಿರಿ, ನೀರಾವರಿ ಇಲಾಖೆಯ ನಿವೃತ್ತ ನೌಕರ

ಮೇಲಿನ ತಂಗಿಯವರ ಮಾತಿಗೆ ಒಂದು ವಿಷಯ ಸೇರಿಸಬೇಕಾಗಿದೆ. ಕಗವಾದಲ್ಲಿ ಉದೊನ್ ಏಕೆ ಬೆಳೆಯಿತು ಎಂಬುದಕ್ಕೆ ಉತ್ತರ ಅಲ್ಲಿಯ ಮಳೆಯಲ್ಲಿದೆ. ದೊಡ್ಡ ನದಿಯಿಲ್ಲದ, ಮಳೆ ಕಡಿಮೆಯಾದ ಆ ಸಣ್ಣ ಬಯಲಿನಲ್ಲಿ ಭತ್ತದ ನೀರಿಗಾಗಿ ಜನ ತಲೆತಲಾಂತರದಿಂದ ಕೆರೆಗಳನ್ನು ಕಟ್ಟಿದರು, ಭತ್ತ ಕೊಯ್ದ ಗದ್ದೆಯಲ್ಲಿ ಚಳಿಗಾಲಕ್ಕೆ ಗೋಧಿ ಬಿತ್ತಿದರು. ಹಿಂಗಾರಿನ ಜೋಳವನ್ನು ನೆಚ್ಚಿಕೊಂಡು ರೊಟ್ಟಿ ಉಣ್ಣುವ ನಮ್ಮ ಸೀಮೆಯ ರೈತನಿಗೆ ಈ ತರ್ಕ ಥಟ್ಟನೆ ಹಿಡಿಸುತ್ತದೆ. ಜಪಾನಿನ ಅತಿ ಚಿಕ್ಕ ಪ್ರಾಂತವಾದ ಕಗವಾದಲ್ಲಿ ಇಂದಿಗೂ ಹತ್ತು ಸಾವಿರಕ್ಕೂ ಹೆಚ್ಚು ಕೆರೆಗಳಿವೆ.

ಅವುಗಳಲ್ಲಿ ಮನ್ನೊ ಕೆರೆಯನ್ನು ತಪ್ಪದೆ ನೋಡಿರಿ. ಎಂಟನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಅದರ ಏರಿ ಪ್ರವಾಹಕ್ಕೆ ಒಡೆದುಹೋದಾಗ, 821ರಲ್ಲಿ ಅದನ್ನು ಮತ್ತೆ ಕಟ್ಟಿಸುವ ಹೊಣೆ ಹೊತ್ತವರು ಇದೇ ಕೂಕಾಯ್ ಗುರುಗಳು. ನೀರಿನ ಒತ್ತಡವನ್ನು ತಾಳಲೆಂದು ಏರಿಯನ್ನು ನೀರಿನ ಕಡೆಗೆ ಬಾಗಿದ ಕಮಾನಿನ ಆಕಾರದಲ್ಲಿ ಕಟ್ಟಲಾಗಿದೆ. ಪ್ರತಿವರ್ಷ ಜೂನ್ ಮಧ್ಯದಲ್ಲಿ ನಾಟಿಗಾಗಿ ತೂಬು ತೆರೆಯುವುದನ್ನು ಅಲ್ಲಿಯವರು ವಿಧಿಪೂರ್ವಕವಾಗಿ ನಡೆಸುತ್ತಾರೆ. ಪ್ರವಾಸಿಗರ ಪಟ್ಟಿಯಲ್ಲಿ ಈ ಕೆರೆ ಅಪರೂಪಕ್ಕೆ ಬರುತ್ತದೆ, ಆದರೆ ಬೀದರಿನ ಸುರಂಗ ಬಾವಿಗಳ ಮೌಲ್ಯ ಬಲ್ಲ ಈ ಭಾಗದವರು ಅಲ್ಲಿ ಅರ್ಧ ದಿನ ಕಳೆಯಲೇಬೇಕೆಂದು ನಾನು ಒತ್ತಾಯಿಸುತ್ತೇನೆ. ಹತ್ತಿರದ ಕೊತೊಹಿರಾ ಗುಡಿಗೆ ಮುಖ್ಯ ಮಂದಿರದವರೆಗೆ 785 ಮೆಟ್ಟಿಲುಗಳಿವೆ. ಮೊಣಕಾಲು ನೋವಿರುವ ತಾಯಿಯವರನ್ನು ಕೆಳಗಿನ ಬೀದಿಯಲ್ಲಿಯೇ ಕೂರಿಸಿರಿ.

ಉತ್ತರ 4: ಸುರಪುರದಿಂದ, ಮೀನಿನೂಟ ಬಲ್ಲವರು

ನಿಮ್ಮ ಗೆಳೆಯರ ಕುಟುಂಬದ ಪರವಾಗಿ ನಾನು ನಾಲ್ಕು ಮಾತು ಬರೆಯುತ್ತೇನೆ. ಕೃಷ್ಣೆಯ ಹೊಳೆಮೀನು ತಿಂದು ಬೆಳೆದವರಿಗೆ ಈ ಕಡಲಿನ ಮೀನಿನ ರುಚಿ ಸಂಪೂರ್ಣ ಹೊಸದು. ದ್ವೀಪಗಳ ನಡುವಿನ ಇಕ್ಕಟ್ಟಾದ ಕಾಲುವೆಗಳಲ್ಲಿ ನೀರಿನ ಸೆಳೆತ ಬಲವಾಗಿರುವುದರಿಂದ ತಾಯ್ ಎಂಬ ಕೆಂಪು ಮೀನಿನ ಮಾಂಸ ಇಲ್ಲಿ ಬಿಗಿಯಾಗಿರುತ್ತದೆ ಎಂದು ಅಲ್ಲಿಯವರು ಹೇಳುತ್ತಾರೆ. ಎಹಿಮೆ ಪ್ರಾಂತದಲ್ಲಿ ಆ ಮೀನಿನ ಅನ್ನವನ್ನು ಎರಡು ಬಗೆಯಲ್ಲಿ ಮಾಡುತ್ತಾರೆ: ಮತ್ಸುಯಾಮಾದ ಕಡೆ ಮೀನನ್ನು ಅಕ್ಕಿಯೊಡನೆಯೇ ಬೇಯಿಸುತ್ತಾರೆ, ದಕ್ಷಿಣದ ಉವಾಜಿಮಾದಲ್ಲಿ ಹಸಿ ಮೀನಿನ ಹೋಳುಗಳನ್ನು ಹಸಿ ಮೊಟ್ಟೆ ಬೆರೆಸಿದ ಸಾಸಿನಲ್ಲಿ ಅದ್ದಿ ಬಿಸಿ ಅನ್ನದ ಮೇಲೆ ಸುರಿಯುತ್ತಾರೆ. ಮೊದಲ ಸಲ ಹೋಗುವವರಿಗೆ ಬೇಯಿಸಿದ ಬಗೆಯೇ ಹಿತ. ಹಿರೊಶಿಮಾದ ಬಳಿಯ ಮಿಯಾಜಿಮಾ ದ್ವೀಪದಲ್ಲಿ ಸುಟ್ಟ ಅನಾಗೊ ಹಾವುಮೀನಿನ ಅನ್ನ ಪ್ರಸಿದ್ಧ. ಜಪಾನಿನಲ್ಲಿ ಅತಿ ಹೆಚ್ಚು ಸಿಂಪಿ ಬೆಳೆಸುವುದು ಹಿರೊಶಿಮಾದಲ್ಲಿ, ಅದರ ಒಳ್ಳೆಯ ಕಾಲ ಚಳಿಗಾಲ.

ನವೆಂಬರಿನಲ್ಲಿ ಹೋದರೆ ಎಹಿಮೆಯ ಮಿಕಾನ್ ಕಿತ್ತಳೆ ಎಲ್ಲರೂ ಕೂಡಿ ತಿನ್ನಬಹುದಾದ ಹಣ್ಣು. ಕಡಲಿಗೆ ಇಳಿಯುವ ಗುಡ್ಡದ ಮೇಲೆ ಕಲ್ಲಿನ ಒಡ್ಡು ಕಟ್ಟಿ ತೋಟ ಮಾಡಿದ್ದಾರೆ. ನೇರ ಬಿಸಿಲು, ಕಡಲಿನಿಂದ ಚಿಮ್ಮುವ ಬಿಸಿಲು, ಕಲ್ಲಿನೊಡ್ಡಿನಿಂದ ಮರಳುವ ಬಿಸಿಲು, ಹೀಗೆ ಮೂರು ಸೂರ್ಯರು ಹಣ್ಣನ್ನು ಸಿಹಿ ಮಾಡುತ್ತಾರೆಂಬುದು ಅಲ್ಲಿಯ ಬೆಳೆಗಾರರ ಮಾತು. ಮಕ್ಕಳು ದೊಡ್ಡವರಾಗಿದ್ದರೆ ಹೊನ್ಶುವಿನ ಒನೊಮಿಚಿಯಿಂದ ಶಿಕೊಕುವಿನ ಇಮಬಾರಿಯವರೆಗೆ ದ್ವೀಪದಿಂದ ದ್ವೀಪಕ್ಕೆ ಸೇತುವೆ ದಾಟುವ ಸುಮಾರು 70 ಕಿಲೋಮೀಟರಿನ ಶಿಮಾನಾಮಿ ಸೈಕಲ್ ದಾರಿಯಿದೆ. ಬಾಡಿಗೆ ಸೈಕಲನ್ನು ನಡುವಿನ ಕೇಂದ್ರದಲ್ಲಿ ಬಿಟ್ಟು ಬಸ್ಸಿನಲ್ಲಿ ಮರಳಬಹುದು.

ಮರುಪ್ರಶ್ನೆ: ಕಲಬುರಗಿಯ ಓದುಗ

ನಿಮ್ಮೆಲ್ಲರ ಉಪಕಾರ ದೊಡ್ಡದು. ದಸರೆಯ ನಂತರ ಅಕ್ಟೋಬರ್ ಕೊನೆಗೆ ಹೊರಡುವುದೆಂದು ಮನೆಯಲ್ಲಿ ಮಾತಾಗಿದೆ. ಇನ್ನೆರಡು ಸಂಶಯಗಳಿವೆ. ಸಾಂಪ್ರದಾಯಿಕ ರ್‍ಯೊಕಾನ್ ವಸತಿಯಲ್ಲಿ ಅವ್ವನ ಸ್ನಾನ, ಪೂಜೆಗೆ ಅನುಕೂಲವಾಗುತ್ತದೆಯೇ? ಮನೆಯಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ ಒಯ್ಯಬಹುದೇ?

ಉತ್ತರ 5: ಕಲಬುರಗಿಯ ಗೃಹಿಣಿ, ಸಸ್ಯಾಹಾರಿ

ರ್‍ಯೊಕಾನ್‌ಗಳಲ್ಲಿ ಬಹಳ ಕಡೆ ಸ್ನಾನಗೃಹವನ್ನು ಅತಿಥಿಗಳೆಲ್ಲ ಕೂಡಿ ಬಳಸಬೇಕಾಗುತ್ತದೆ. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಇದ್ದರೂ ಬಟ್ಟೆಯಿಲ್ಲದೆ ಇಳಿಯುವುದು ಅಲ್ಲಿಯ ಪದ್ಧತಿ. ರಾತ್ರಿಯೂಟವೂ ಮೀನಿನ ಸುತ್ತಲೇ ಇರುತ್ತದೆ, ಮುಂಗಡ ಕಾದಿರಿಸುವಾಗ ತಿಳಿಸದಿದ್ದರೆ ಬಂದ ದಿನ ಅದನ್ನು ಬದಲಿಸಲು ಅವರಿಗೆ ಸಾಧ್ಯವಾಗುವುದಿಲ್ಲ. ಆದ್ದರಿಂದ ಅವ್ವನವರಿಗೆ ತಕಮತ್ಸುವಿನ ನಿಲ್ದಾಣದ ಹತ್ತಿರ ಸ್ವಂತ ಸ್ನಾನಗೃಹವಿರುವ ಸಾಧಾರಣ ಹೋಟೆಲ್ ಕೋಣೆಯೇ ಸೂಕ್ತ. ಕೋಣೆಯಲ್ಲಿ ನೀರು ಕಾಯಿಸುವ ಕೆಟಲ್ ಸಾಮಾನ್ಯವಾಗಿ ಇರುತ್ತದೆ, ನಲ್ಲಿಯ ನೀರು ಕುಡಿಯಲು ಯೋಗ್ಯವಾಗಿರುತ್ತದೆ. ಪೂಜೆಗೆ ಊದುಬತ್ತಿ, ದೀಪ ಹಚ್ಚಬೇಡಿ. ಹೊಗೆಯ ಎಚ್ಚರಿಕೆ ಗಂಟೆ ಬಾರಿಸಬಹುದು. ಮತ್ಸುಯಾಮಾಕ್ಕೆ ಹೋದರೆ 1894ರ ದೋಗೊ ಬಿಸಿನೀರಿನ ಸ್ನಾನಭವನವನ್ನು ಹೊರಗಿನಿಂದ ನೋಡಿ, ಅಲ್ಲಿಯೇ ಹತ್ತಿರದಲ್ಲಿರುವ ಉಚಿತ ಪಾದಸ್ನಾನದ ಕಟ್ಟೆಯಲ್ಲಿ ಕಾಲು ಇಳಿಬಿಟ್ಟು ಕೂರಿಸಿರಿ. ಮೊಣಕಾಲಿಗೆ ಹಿತವಾಗುತ್ತದೆ.

ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಯಂತಹ ಒಣ ಪದಾರ್ಥಗಳನ್ನು ಚೆನ್ನಾಗಿ ಕಟ್ಟಿಕೊಂಡು ಹೋಗಿರಿ, ಕಸ್ಟಮ್ಸ್ ಅಧಿಕಾರಿಗಳು ಕೇಳಿದರೆ ತೆರೆದು ತೋರಿಸಿರಿ. ತಾಜಾ ಹಣ್ಣು, ತರಕಾರಿ, ಕರಿಬೇವು ಬೇಡ. ಪ್ರಮಾಣಪತ್ರವಿಲ್ಲದೆ ಅವುಗಳನ್ನು ಒಳಗೆ ಬಿಡುವುದಿಲ್ಲ. ಅಲ್ಲಿಯ ಅಂಗಡಿಗಳಲ್ಲಿ ಬೇಯಿಸಿದ ಬಿಳಿ ಅನ್ನದ ಡಬ್ಬಿ, ತೋಫು, ಸುಟ್ಟ ಗೆಣಸು, ಹಣ್ಣು ಎಲ್ಲ ಕಡೆ ಸಿಗುತ್ತವೆ. ಊರಿಂದೂರಿಗೆ ಹೋಗುವಾಗ ದೊಡ್ಡ ಪೆಟ್ಟಿಗೆಗಳನ್ನು ಹೋಟೆಲಿನಿಂದಲೇ ಮುಂದಿನ ಹೋಟೆಲಿಗೆ ಕಳಿಸುವ ಸೇವೆಯಿದೆ, ಸಾಮಾನ್ಯವಾಗಿ ಮರುದಿನ ತಲುಪುತ್ತವೆ. ಸಣ್ಣ ಉದೊನ್ ಅಂಗಡಿಗಳಿಗೂ ಹಳ್ಳಿಯ ಬಸ್ಸುಗಳಿಗೂ ನಗದು ಹಣ ಇಟ್ಟುಕೊಳ್ಳಿ.

ಅವ್ವನವರು ಹೇಗೂ ನಸುಕಿನಲ್ಲಿ ಏಳುವವರು. ತಕಮತ್ಸುವಿನ ರಿತ್ಸುರಿನ್ ಉದ್ಯಾನದ ಬಾಗಿಲು ಸೂರ್ಯೋದಯದ ಹೊತ್ತಿಗೇ ತೆರೆಯುತ್ತದೆ. ನೂರು ವರ್ಷಗಳಿಗೂ ಹೆಚ್ಚು ಕಾಲ ಕಟ್ಟಿ 1745ರಲ್ಲಿ ಪೂರ್ಣಗೊಳಿಸಿದ ಆ ಉದ್ಯಾನದ ಕೊಳಗಳ ಸುತ್ತ ಬಹುತೇಕ ಸಮತಟ್ಟಾದ ದಾರಿಯಿದೆ. ಪೂಜೆ ಮುಗಿಸಿ, ರೊಟ್ಟಿ ತಿಂದು ಅಲ್ಲಿಗೆ ಹೋದರೆ ಜನಸಂದಣಿ ಸೇರುವ ಮುಂಚೆ ಪೂರ್ತಿ ನೋಡಿ, ಉದೊನ್ ಅಂಗಡಿಯಲ್ಲಿ ಎಳೆ ಮುಗಿಯುವುದರೊಳಗೆ ಮಧ್ಯಾಹ್ನದ ಊಟಕ್ಕೆ ತಲುಪುತ್ತೀರಿ.